ಗ್ಲಿಟರ್ ಆಮೇಲೆ, ಒತ್ತಕ್ಷರ ಮೊದಲು

ಅಕ್ಟೋಬರ್ ಮುಗಿಯುತ್ತಾ ಬಂತು ಅಂದರೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಎರಡೇ ಮಾತು. ಒಂದು, ಈ ಸಲ ರಾಜ್ಯೋತ್ಸವಕ್ಕೆ ಯಾರನ್ನು ಕರೆಯೋದು. ಇನ್ನೊಂದು, ನೇಮ್ ಟ್ಯಾಗ್ ಯಾರು ಮಾಡೋದು. ಮೊದಲನೆಯದಕ್ಕೆ ಉತ್ತರ ಸಿಗೋಕೆ ಎರಡು ವಾರ ಬೇಕು. ಎರಡನೆಯದಕ್ಕೆ ಎರಡು ನಿಮಿಷ ಸಾಕು, ಯಾಕೆಂದರೆ ಫೋಟೋಶಾಪ್ ಗೊತ್ತಿರುವವರು ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಇರುತ್ತಾರೆ, ಅವರ ತಲೆಗೆ ಕಟ್ಟಿದರೆ ಆಯ್ತು. ಹಳದಿ ಕೆಂಪು ಹಿನ್ನೆಲೆ, ಮೂಲೆಯಲ್ಲಿ ಭುವನೇಶ್ವರಿ, ನಡುವೆ ಹೆಸರು, ಹೆಸರಿಗೆ ಚಿನ್ನದ ಬಣ್ಣದ ಅಂಚು, ಸುತ್ತ ಒಂದಿಷ್ಟು ಮಿಂಚು. ಕೊರಳಿಗೆ ನೇತುಹಾಕೋಕೆ ಒಂದು ಪ್ರಿಂಟು, ಸ್ಟೇಟಸ್ಸಿಗೆ ಹಾಕೋಕೆ ಒಂದು ಡಿಜಿಟಲ್ ಪ್ರತಿ. ಮುಗೀತು.

ಇದರ ಮೇಲೆ ಲೇಖನ ಬರೆಯೋಕೆ ಏನಿದೆ ಮಾರಾಯ್ರೆ ಅಂತ ನೀವು ಕೇಳಬಹುದು. ಇದೆ. ಸಭೆ ಸಮಾರಂಭಗಳಲ್ಲಿ, ಫೆಸ್ಟುಗಳಲ್ಲಿ, ಹುಟ್ಟುಹಬ್ಬದ ಸ್ಟೇಟಸ್ಸುಗಳಲ್ಲಿ, ಊರ ಗಣಪತಿ ಪೆಂಡಾಲಿನ ಫ್ಲೆಕ್ಸುಗಳಲ್ಲಿ ನಾವು ನೋಡುವ ಅಲಂಕಾರದ ಹೆಸರುಗಳಲ್ಲಿ ಅಲಂಕಾರ ಚೆನ್ನಾಗಿರುತ್ತದೆ, ಹೆಸರು ಮಾತ್ರ ಸರಿಯಿರುವುದಿಲ್ಲ. ನಮ್ಮ ವಾದ ಇಷ್ಟೇ: ನೇಮ್ ಟ್ಯಾಗ್ ಇರೋದು ಹೆಸರು ಓದಿಸೋಕೆ. ಅಲಂಕಾರ ಹೆಸರಿನ ಸೇವೆ ಮಾಡಬೇಕೇ ಹೊರತು ಹೆಸರು ಅಲಂಕಾರದ ಸೇವೆ ಮಾಡಬಾರದು. ಮತ್ತು ಆ ಹೆಸರನ್ನು ಹೇಗೆ ಬರೆಯಬೇಕು ಅಂತ ಹೇಳುವ ಹಕ್ಕು ಹೆಸರು ಹೊತ್ತವರದ್ದು. ತಂತ್ರಾಂಶದ್ದಲ್ಲ, ಡಿಸೈನ್ ಮಾಡುವವರದ್ದೂ ಅಲ್ಲ.

ಮೊದಲು ನಮ್ಮ ಊರುಗಳ ಹೆಸರನ್ನೇ ತಗೊಳ್ಳಿ. ಚಿಕ್ಕಮಗಳೂರು. ಇಂಗ್ಲಿಷಿನಲ್ಲಿ ಎಷ್ಟೋ ಕಾಲ ಒಂದು 'ಕ' ಕಳಕೊಂಡೇ ಬದುಕಿದ ಊರು ಇದು. 2014ರ ನವೆಂಬರ್ 1ರಂದು ಸರ್ಕಾರ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರನ್ನು ತಿದ್ದಿದಾಗ ನಮ್ಮ ಊರಿಗೂ ಅದರ ಒತ್ತು ವಾಪಸ್ ಬಂತು. ಕನ್ನಡದಲ್ಲಿ ಬರೆಯುವಾಗ ಅದು ಎಂದೂ ಕಳೆದುಹೋಗಿರಲಿಲ್ಲ. ತಮಾಷೆ ಅಂದರೆ, ಈಗ ಹಳೇ ಸಾಫ್ಟ್‌ವೇರಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿದರೆ 'ಚಿಕ್‌ಕಮಗಳೂರು' ಅಂತ ಬರುತ್ತದೆ. ಇಂಗ್ಲಿಷಿನವರು ಕೊಟ್ಟ ಒತ್ತನ್ನು ನಾವು ಕನ್ನಡದಲ್ಲಿ ಬಿಡಿಸಿ ಪಕ್ಕಕ್ಕಿಟ್ಟ ಹಾಗಾಯ್ತು.

ಮೂಡಿಗೆರೆಗೆ ಒತ್ತಕ್ಷರವೇ ಇಲ್ಲ, ಅದಕ್ಕೇನು ತೊಂದರೆ ಅಂದುಕೊಳ್ಳಬೇಡಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದದ್ದನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸಿದರೆ ದೀರ್ಘ ಹೋಗಿ 'ಮುಡಿಗೆರೆ' ಆಗುತ್ತದೆ. ಕಳಸದವರ ಕಷ್ಟ ಇನ್ನೂ ಚೆಂದ. ಮೂರೇ ಅಕ್ಷರ, ಮೂರೂ ಬಿಡಿ, ದೀರ್ಘವೂ ಇಲ್ಲ. ಆದರೆ ಇಂಗ್ಲಿಷಿಗೆ 'ಲ' ಮತ್ತು 'ಳ' ಒಂದೇ. ಹಾಗಾಗಿ ಕಳಸದ ಹುಡುಗರು ಕೊರಳಿಗೆ 'ಕಲಸ' ಅಂತ ಹಾಕಿಕೊಂಡು ಓಡಾಡುತ್ತಾರೆ, ಯಾರೋ ಅನ್ನ ಕಲಸೋಕೆ ಕರೆದ ಹಾಗೆ. ಊರಿನ ಹೆಸರಾದರೆ ನಕ್ಕು ಸುಮ್ಮನಾಗಬಹುದು, ಜಗತ್ತಿಗೆಲ್ಲ ಅದು ಗೊತ್ತಿರುವ ಹೆಸರು. ಮನುಷ್ಯರ ಹೆಸರು ಹಾಗಲ್ಲ. ಅದು ಸರಿಯಾಗಿ ಗೊತ್ತಿರೋದು ಆ ಒಬ್ಬರಿಗೆ, ಅವರ ಮನೆಯವರಿಗೆ.

ಇಂಜಿನಿಯರಿಂಗ್ ಕಾಲೇಜಿನ ಪತ್ರಿಕೆ ಆದ್ದರಿಂದ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ಬಿಚ್ಚಿ ನೋಡೋಣ. 'ಚಿಕ್ಕಮಗಳೂರು' ನಮ್ಮ ಕಣ್ಣಿಗೆ ಆರು ಅಕ್ಷರ. ಯೂನಿಕೋಡಿನ ಲೆಕ್ಕದಲ್ಲಿ ಅದು ಹನ್ನೊಂದು ಸಂಕೇತ: ಚ, ಇಕಾರದ ಗುಡಿಸು, ಕ, ಅರ್ಧಾಕ್ಷರದ ಚಿಹ್ನೆ, ಮತ್ತೆ ಕ, ಹೀಗೆ. 'ಲಕ್ಷ್ಮಿ' ನಮಗೆ ಎರಡಕ್ಷರ, ಯಂತ್ರಕ್ಕೆ ಏಳು. ಈ ಸಂಕೇತಗಳ ಸಾಲನ್ನು ನೋಡಿ 'ಎರಡನೇ ಕ ಕೆಳಗೆ ಹೋಗಬೇಕು, ಸಣ್ಣದಾಗಬೇಕು, ಗುಡಿಸು ಚ ಮೇಲೆ ಕೂರಬೇಕು' ಅಂತ ತೀರ್ಮಾನಿಸುವ ಕೆಲಸ ಎರಡು ಕಡೆ ನಡೆಯುತ್ತದೆ. ಫಾಂಟಿನ ಒಳಗೆ ಇರುವ ಓಪನ್‌ಟೈಪ್ ಕೋಷ್ಟಕಗಳಲ್ಲಿ ನಿಯಮ ಇರುತ್ತದೆ, ಆ ನಿಯಮ ಓದಿ ಅಕ್ಷರ ಜೋಡಿಸುವ ಯಂತ್ರ ಸಾಫ್ಟ್‌ವೇರಿನಲ್ಲಿ ಇರುತ್ತದೆ. ಎರಡರಲ್ಲಿ ಒಂದು ಕೈಕೊಟ್ಟರೂ 'ಲಕ್ಷ್ಮಿ' ಹೋಗಿ 'ಲಕ್‌ಷ್‌ಮಿ' ಬರುತ್ತಾಳೆ, 'ಹರ್ಷ' ಹೋಗಿ 'ಹರ್‌ಷ'.

ನಿಮ್ಮ ಮೊಬೈಲಿನಲ್ಲಿ, ಬ್ರೌಸರಿನಲ್ಲಿ, ಲಿಬ್ರೆ ಆಫೀಸಿನಲ್ಲಿ ಈ ಜೋಡಣೆ ಮಾಡುವುದು ಹೆಚ್ಚಾಗಿ ಹಾರ್ಫ್‌ಬಝ್ ಎಂಬ ಮುಕ್ತ ತಂತ್ರಾಂಶ. ಗಿಂಪ್, ಇಂಕ್‌ಸ್ಕೇಪ್ ಕೂಡ ಅದನ್ನೇ ನಂಬಿವೆ, ಅದಕ್ಕೇ ಅವುಗಳಲ್ಲಿ ಕನ್ನಡ ಟೈಪ್ ಮಾಡಿದರೆ ಬೇರೇನೂ ಸೆಟ್ಟಿಂಗ್ ಮುಟ್ಟದೆ ಸರಿಯಾಗಿ ಬರುತ್ತದೆ. ಫೋಟೋಶಾಪಿನಲ್ಲಿ ಹಾಗಲ್ಲ. 2002ರಲ್ಲಿ ಬಂದ ಫೋಟೋಶಾಪ್ 7 ಇಂದಿಗೂ ಎಷ್ಟೋ ಸ್ಟುಡಿಯೋಗಳಲ್ಲಿ ಜೀವಂತ ಇದೆ, ಅದಕ್ಕೆ ಯೂನಿಕೋಡ್ ಕನ್ನಡದ ಒತ್ತಕ್ಷರ ಗೊತ್ತೇ ಇಲ್ಲ. ಆಮೇಲಿನ ಆವೃತ್ತಿಗಳಿಗೆ ಗೊತ್ತಿದೆ, ಆದರೆ ಹೇಳಬೇಕು: ಪ್ರಿಫರೆನ್ಸಸ್ ಒಳಗೆ ಟೈಪ್ ಅನ್ನುವಲ್ಲಿ ಹೋಗಿ ದಕ್ಷಿಣ ಏಷ್ಯಾದ ಭಾಷೆಗಳ ಆಯ್ಕೆ, ಇಲ್ಲವೇ ಪ್ಯಾರಾಗ್ರಾಫ್ ಪ್ಯಾನೆಲ್ಲಿನಲ್ಲಿ 'ವರ್ಲ್ಡ್ ರೆಡಿ ಲೇಔಟ್'. ಒಂದು ಟಿಕ್ ಮಾರ್ಕು ಅಷ್ಟೆ. ಆ ಒಂದು ಟಿಕ್ ಹಾಕದೆ ಕನ್ನಡ ಹೆಸರಿಗೆ ಮೂರು ಗಂಟೆ ಕೂತು ಚಿನ್ನದ ಲೇಪ ಮಾಡುವ ತಾಳ್ಮೆ ಕಂಡರೆ ನಮಗೆ ನಿಜವಾಗಿ ಆಶ್ಚರ್ಯ ಆಗುತ್ತದೆ.

ಫ್ಲೆಕ್ಸ್ ಅಂಗಡಿಯವರನ್ನು ಮಾತ್ರ ಬೈಯುವ ಹಾಗಿಲ್ಲ. ಹಳೇ ಫೋಟೋಶಾಪ್, ಹಳೇ ಕೋರೆಲ್ ಡ್ರಾಗಳಲ್ಲಿ ಸರಿಯಾದ ಕನ್ನಡ ಬರಲಿ ಅಂತಲೇ ಅವರು ನುಡಿ, ಬರಹ, ಶ್ರೀಲಿಪಿಗಳ ಹಳೇ ಫಾಂಟು ಬಳಸುತ್ತಾರೆ. ಅದರಲ್ಲಿ ಒತ್ತಕ್ಷರ ಸುಂದರವಾಗಿಯೇ ಬರುತ್ತದೆ. ತೊಂದರೆ ಬೇರೆ: ಅದು ಒಳಗೆ ಕನ್ನಡವೇ ಅಲ್ಲ, ಕನ್ನಡದ ವೇಷ ಹಾಕಿದ ಇಂಗ್ಲಿಷ್ ಅಕ್ಷರಗಳು. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ತಲೆ ಮೇಲೆ ಗೀಟು, ಚುಕ್ಕೆ ಇರುವ ರೋಮನ್ ಅಕ್ಷರಗಳ ಗುಂಪು ಕಾಣುತ್ತದೆ. ನಾವು ವಾಟ್ಸಾಪಿನಲ್ಲಿ ಕಳಿಸಿದ ಯೂನಿಕೋಡ್ ಹೆಸರನ್ನು ಅವರು ಅಲ್ಲಿ ಅಂಟಿಸೋಕೆ ಆಗಲ್ಲ, ನೋಡಿಕೊಂಡು ಮತ್ತೆ ಟೈಪ್ ಮಾಡಬೇಕು. ಮತ್ತೆ ಟೈಪ್ ಮಾಡುವಾಗ ದೀರ್ಘ ಎಲ್ಲೋ ಬೀಳುತ್ತದೆ. ಇದು ಯಾರ ಸೋಮಾರಿತನವೂ ಅಲ್ಲ. ಆದರೆ ನಾವು ಕಾಲೇಜಿನಲ್ಲಿ, ಹೊಸ ಲ್ಯಾಪ್‌ಟಾಪಿನಲ್ಲಿ ಕೂತು ಮಾಡುವಾಗ ಆ ನೆಪ ಹೇಳುವ ಹಾಗಿಲ್ಲ.

ಕಣ್ಣಿಗೆ ಕಾಣದ ಇನ್ನೊಂದು ಅಕ್ಷರ ಇದೆ, ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್. ಅರ್ಧಾಕ್ಷರ ಆದಮೇಲೆ ಇದನ್ನು ಹಾಕಿದರೆ ಮುಂದಿನ ಅಕ್ಷರ ಒತ್ತಾಗಿ ಕೆಳಗೆ ಹೋಗುವುದಿಲ್ಲ. ಮೂಡಿಗೆರೆಯವರಿಗೆ ಉದಾಹರಣೆ ದಿನಾ ಕಣ್ಣೆದುರೇ ಇದೆ: ಹ್ಯಾಂಡ್‌ಪೋಸ್ಟ್. ಆ ಅಗೋಚರ ಅಕ್ಷರ ಇಲ್ಲದಿದ್ದರೆ 'ಹ್ಯಾಂಡ್ಪೋಸ್ಟ್'. ಹೆಸರುಗಳಲ್ಲೂ ಇದೇ ಕತೆ. ರಾಜ್‌ಕುಮಾರ್ ಅಂತ ಬರೆಯುವವರೂ ಇದ್ದಾರೆ, ರಾಜಕುಮಾರ್ ಅಂತ ಬರೆಯುವವರೂ ಇದ್ದಾರೆ. 'ರಾಜ್ಕುಮಾರ್' ಅಂತ ಬರೆಯುವವರನ್ನು ನಾವು ಕಂಡಿಲ್ಲ, ಟ್ಯಾಗುಗಳಲ್ಲಿ ಮಾತ್ರ ಕಂಡಿದ್ದೇವೆ.

ಹ್ಯಾಂಡ್‌ಪೋಸ್ಟ್ ಅಂದಮೇಲೆ ಅಲ್ಲೇ 'ನಿರುತ್ತರ'ದಲ್ಲಿ ಇದ್ದವರ ಮಾತು ಬಾರದೆ ಹೋಗುತ್ತದೆಯೇ. ಪೂರ್ಣಚಂದ್ರ ತೇಜಸ್ವಿಯವರನ್ನು ನಾವೆಲ್ಲ ಕರ್ವಾಲೊ ಬರೆದವರು, ಹಕ್ಕಿ ಫೋಟೋ ತೆಗೆದವರು ಅಂತ ನೆನೆಯುತ್ತೇವೆ, ಕೊಟ್ಟಿಗೆಹಾರದ ಪ್ರತಿಷ್ಠಾನಕ್ಕೆ ಹೋಗಿ ಸೆಲ್ಫಿ ತೆಗೆದುಕೊಳ್ಳುತ್ತೇವೆ. ಕಂಪ್ಯೂಟರಿನಲ್ಲಿ ಕನ್ನಡ ನೆಟ್ಟಗೆ ಕೂರಬೇಕು ಅಂತ ಕೊನೆಯ ವರ್ಷಗಳಲ್ಲಿ ಅವರು ಎಷ್ಟು ತಲೆ ಕೆಡಿಸಿಕೊಂಡಿದ್ದರು ಅನ್ನೋದು ಇಂಜಿನಿಯರಿಂಗ್ ಹುಡುಗರಿಗೇ ಕಡಿಮೆ ಗೊತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹೊರತಂದ 'ಕುವೆಂಪು ಕನ್ನಡ ತಂತ್ರಾಂಶ'ದ ಹಿಂದೆ ಇದ್ದದ್ದು ಅವರ ಒತ್ತಾಸೆ. 2007ರ ಏಪ್ರಿಲ್ 5ರಂದು ಅವರು ತೀರಿಕೊಂಡರು. ಕಾಫಿ ತೋಟದ ನಡುವೆ ಕೂತ ಒಬ್ಬ ಸಾಹಿತಿಗೆ ಫಾಂಟು, ಕೀಬೋರ್ಡು ಅಂತ ಚಿಂತೆ ಇದ್ದಾಗ, ಅದೇ ಗುಡ್ಡದ ಮೇಲೆ ಕಂಪ್ಯೂಟರ್ ಸೈನ್ಸ್ ಓದುವ ನಮಗೆ ಸ್ನೇಹಿತನ ಹೆಸರಿನ ಒತ್ತಿನ ಚಿಂತೆ ಇರಬೇಡವೇ?

ಈಗ ಅಲಂಕಾರಕ್ಕೆ ಬರೋಣ. ನಾವು ಅಲಂಕಾರದ ವಿರೋಧಿಗಳೇನೂ ಅಲ್ಲ. ಹೆಸರನ್ನು ಸಿಂಗರಿಸುವ ಆಸೆ ಹಳೆಯದು. ಇಂಟರ್ನೆಟ್ ಹೊಸದಾಗಿದ್ದಾಗ ಹೊರದೇಶದವರು ಪೇಂಟ್ ಶಾಪ್ ಪ್ರೋದಲ್ಲಿ ತಮ್ಮ ಹೆಸರಿನ ಮಿನುಗುವ ಟ್ಯಾಗ್ ಮಾಡಿ ಒಬ್ಬರಿಗೊಬ್ಬರು ಉಡುಗೊರೆ ಕೊಡುತ್ತಿದ್ದರು. 2004ರಿಂದ 2014ರವರೆಗೆ ಇದ್ದ ಆರ್ಕುಟ್‌ನಲ್ಲಿ ನಮ್ಮ ಅಕ್ಕ ಅಣ್ಣಂದಿರು ಮಿನುಗುವ ಸ್ಕ್ರ್ಯಾಪ್ ಹಾಕಿ ಸುಖಪಟ್ಟರು. ಇನ್ನೂ ಹಿಂದೆ ಹೋಗಬೇಕೆಂದರೆ ದೂರ ಹೋಗಬೇಕಿಲ್ಲ. ಹೊಯ್ಸಳರ ಮೂಲ ಎನ್ನುವ ಅಂಗಡಿ, ಹಳೇ ಸೊಸೆವೂರು, ನಮ್ಮ ಮೂಡಿಗೆರೆ ತಾಲೂಕಿನದ್ದೇ. ಚಿಕ್ಕಮಗಳೂರಿನಿಂದ ಸುಮಾರು 25 ಕಿಲೋಮೀಟರ್ ದೂರದ ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕೆತ್ತಿದ ಮದನಿಕೆಯರ ಕೆಳಗೆ ಹೆಸರು ಕೆತ್ತಿ ಹೋಗಿದ್ದಾರೆ, ಬಿರುದುಗಳ ಸಮೇತ. ತರೀಕೆರೆ ಹತ್ತಿರದ ಅಮೃತಾಪುರದಿಂದ ಸೋಮನಾಥಪುರದವರೆಗೆ ಮಲ್ಲಿತಮ್ಮನ ಹೆಸರು ಸಿಗುತ್ತದೆ. ಮೇಲಿನ ವಿಗ್ರಹದಲ್ಲಿ ಒಡವೆಯ ಒಂದೊಂದು ಮಣಿಯೂ ಬಿಡದ ಹಾಗೆ ಅಲಂಕಾರ, ಕೆಳಗೆ ಹೆಸರು ಮಾತ್ರ ಸರಳ, ಒತ್ತಕ್ಷರಕ್ಕೆ ಜಾಗ ಬಿಟ್ಟು ಕೆತ್ತಿದ್ದು. ಅಷ್ಟು ಕೈಚಳಕ ಇದ್ದವರಿಗೆ ಹೆಸರಿನ ಅಕ್ಷರಕ್ಕೂ ಬಳ್ಳಿ ಸುತ್ತೋದು ಕಷ್ಟವಾಗಿತ್ತೇ?

ನಮ್ಮ ಸಾಫ್ಟ್‌ವೇರಿನ ಎಫೆಕ್ಟುಗಳೆಲ್ಲ ರೋಮನ್ ಅಕ್ಷರ ನೋಡಿ ಮಾಡಿದವು. ಅಲ್ಲಿ ಒಂದು ಅಕ್ಷರಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ದೊಡ್ಡದು. ಕನ್ನಡದಲ್ಲಿ ಹಾಗಲ್ಲ. ಪ್ರೈಮರಿ ಶಾಲೆಯಲ್ಲಿ ಮೇಷ್ಟ್ರು 'ಹೊಟ್ಟೆ ಸೀಳು' ಅಂತ ಹೇಳಿಕೊಟ್ಟದ್ದು ನೆನಪಿದೆಯಲ್ಲ? ದ ಧ ಆಗೋದು, ಬ ಭ ಆಗೋದು, ಡ ಢ ಆಗೋದು ಆ ಒಂದು ಸಣ್ಣ ಸೀಳಿನಿಂದ. ಅದರ ಮೇಲೆ ನಾಲ್ಕು ಪಿಕ್ಸೆಲ್ ಸ್ಟ್ರೋಕ್ ಹಾಕಿ, ಅದರ ಮೇಲೆ ಬೆವೆಲ್, ಅದರ ಹೊರಗೆ ಗ್ಲೋ ಹಾಕಿದರೆ ಸೀಳು ಮುಚ್ಚಿಹೋಗುತ್ತದೆ. ಧನಲಕ್ಷ್ಮಿ ದನಲಕ್ಷ್ಮಿ ಆಗುತ್ತಾಳೆ. ಸಂಪತ್ತಿನ ದೇವಿ ಕೊಟ್ಟಿಗೆಗೆ ಹೋಗೋಕೆ ಒಂದು ಸ್ಟ್ರೋಕ್ ಸಾಕು! ಥ ಒಳಗಿನ ಚುಕ್ಕೆ ಕರಗಿ 'ಪ್ರಥಮ್' ಹೋಗಿ 'ಪ್ರಧಮ್' ಆಗುತ್ತಾನೆ. ಒತ್ತಕ್ಷರ ಮೊದಲೇ ಸಣ್ಣದು, ಅದಕ್ಕೂ ಅಷ್ಟೇ ದಪ್ಪದ ಅಂಚು ಬಿದ್ದರೆ ಅದು ಅಕ್ಷರವಾಗಿ ಉಳಿಯಲ್ಲ, ಮಸಿ ಬೊಟ್ಟು ಆಗುತ್ತದೆ. ಫಾಂಟಿನಲ್ಲಿ ಬೋಲ್ಡ್ ಇಲ್ಲದಿದ್ದರೂ 'ಬಿ' ಒತ್ತಿ ಸುಳ್ಳು ಬೋಲ್ಡ್ ಮಾಡಿದರೂ ಇದೇ ಗತಿ.

ಅಂಚು ಬೇಕೇ ಬೇಕು ಅಂದರೆ ಹೊರಗಿನ ಕಡೆಗೆ ಹಾಕಿ, ತೆಳ್ಳಗೆ ಹಾಕಿ, ಹಾಕಿದಮೇಲೆ ಮೂರು ಅಡಿ ದೂರದಿಂದ ಓದಿ. ನಮಗೆ ಕೇಳಿದರೆ ಅಂಚಿನ ಬದಲು ಹಿನ್ನೆಲೆಯ ಬಣ್ಣ ಬದಲಿಸಿ ಅಂತೀವಿ. ಅಲಂಕಾರ ಹೆಸರಿನ ಸುತ್ತ ಇರಲಿ. ಹೆಸರಿನ ಮೈಮೇಲೆ ಬೇಡ. ಸುತ್ತ ಏನು ಹಾಕೋದು ಅಂದರೆ ಟೆಂಪ್ಲೇಟಿನಲ್ಲಿ ಬರುವ ಅದೇ ಮಾವಿನಕಾಯಿ ಬಳ್ಳಿ, ಅದೇ ಕಮಲ ಯಾಕೆ? ಮಾರ್ಚ್ ಏಪ್ರಿಲ್‌ನಲ್ಲಿ ಒಂದು ಮಳೆ ಬಿದ್ದು ವಾರ ಕಳೆಯುವಷ್ಟರಲ್ಲಿ ತೋಟ ತುಂಬ ಬೆಳ್ಳಗೆ ಅರಳುವ ಕಾಫಿ ಹೂವು ಇದೆ. ಸಿಲ್ವರ್ ಓಕ್‌ಗೆ ಹಬ್ಬಿದ ಮೆಣಸಿನ ಬಳ್ಳಿ ಇದೆ, ಅಂಚಿಗೆ ಹೇಳಿ ಮಾಡಿಸಿದ ಆಕಾರ ಅದರದ್ದು. ಮುಳ್ಳಯ್ಯನಗಿರಿಯ ಸಾಲು ಇದೆ. ಒಂದು ಸಲ ಕೂತು ಇಂಕ್‌ಸ್ಕೇಪಿನಲ್ಲಿ ಬಿಡಿಸಿಟ್ಟರೆ ಮುಂದಿನ ಬ್ಯಾಚುಗಳಿಗೂ ಆಯ್ತು.

ಸಾಲುಗಳ ನಡುವಿನ ಜಾಗದ ಬಗ್ಗೆಯೂ ಒಂದು ಮಾತು. ಸಾಫ್ಟ್‌ವೇರು ತಾನಾಗಿ ಬಿಡುವ ಅಂತರ ಅಕ್ಷರದ ಎತ್ತರದ 120 ಪರ್ಸೆಂಟು. ಇಂಗ್ಲಿಷಿಗೆ ಸರಿ. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. 140, 150 ಕೊಡಿ. ಉದ್ದದ ಹೆಸರು ಬಂದರೆ ಅಕ್ಷರವನ್ನು ಎರಡೂ ಬದಿಯಿಂದ ಹಿಡಿದು ಹಿಂಡಬೇಡಿ. ಅನೇಕ್ ಕನ್ನಡ ಅನ್ನುವ ಉಚಿತ ಫಾಂಟಿನಲ್ಲಿ ಅಗಲ, ಇಕ್ಕಟ್ಟು ಎರಡೂ ನಮೂನೆ ಇವೆ, ಇಕ್ಕಟ್ಟಿನದ್ದನ್ನು ಆರಿಸಿದರೆ ಸುಬ್ರಹ್ಮಣ್ಯ ಕೂಡ ಉಸಿರಾಡಿಕೊಂಡು ಕೂರುತ್ತಾನೆ. ಸಣ್ಣ ಗಾತ್ರಕ್ಕೆ ನೋಟೊ ಸ್ಯಾನ್ಸ್ ಕನ್ನಡ ಒಳ್ಳೇದು. ಸ್ವಲ್ಪ ಕುಣಿಯುವ ಅಕ್ಷರ ಬೇಕಿದ್ದರೆ ಅಕಾಯ ಕನಡಕ. ಬಾಲೂ ತಮ್ಮ ದುಂಡಗೆ ಚೆಂದ, ಆದರೆ ಅದರ ಮೇಲೆ ಸ್ಟ್ರೋಕ್ ಹಾಕೋದು ಸ್ವೆಟರ್ ಮೇಲೆ ರೇನ್‌ಕೋಟ್ ಮೇಲೆ ಕಂಬಳಿ ಹೊದ್ದ ಹಾಗೆ. ಆಗಸ್ಟಿನ ಕಳಸದಲ್ಲಿ ಮಾತ್ರ ಸರಿ.

ಅಳತೆ ಕೇಳುವವರಿಗೆ: 9 ಸೆಂಟಿಮೀಟರ್ ಅಗಲ, 5.5 ಸೆಂಟಿಮೀಟರ್ ಎತ್ತರದ ಬ್ಯಾಡ್ಜು 300 ಡಿಪಿಐನಲ್ಲಿ ಸುಮಾರು 1063 ಪಿಕ್ಸೆಲ್‌ಗೆ 650 ಪಿಕ್ಸೆಲ್. ಸ್ಟೇಟಸ್ಸಿಗೆ ಮಾಡಿದ ಸಣ್ಣ ಚಿತ್ರವನ್ನೇ ಹಿಗ್ಗಿಸಿ ಪ್ರಿಂಟ್ ಹಾಕಬೇಡಿ. ಪ್ರಿಂಟಿಗೆ ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಆಗಿ ಹೋದರೆ ಜೆಪೆಗ್ ಆಗಿ ಕುಗ್ಗುತ್ತದೆ, ಕುಗ್ಗುವಾಗ ಬಣ್ಣದ ವಿವರವನ್ನು ಹೊಳಪಿನ ವಿವರಕ್ಕಿಂತ ಹೆಚ್ಚು ಕತ್ತರಿಸುತ್ತದೆ. ಹಳದಿ ಮೇಲೆ ಕೆಂಪು ಅಕ್ಷರದ ಅಂಚು ಕಲೆಸಿಹೋಗೋದು ಇದಕ್ಕೇ. ನಮ್ಮ ಬಾವುಟದ ಬಣ್ಣಕ್ಕೆ ಈ ಜೆಪೆಗ್ ಸರಿಯಾದ ವೈರಿ.

ಎಐಗೆ ಹೇಳಿ ಚಿತ್ರ ಮಾಡಿಸುವುದು ಈಗ ಹೊಸ ಅಭ್ಯಾಸ. ಹಿನ್ನೆಲೆಗೆ ಮಾಡಿಸಿ, ನಮ್ಮ ತಕರಾರಿಲ್ಲ. ಹೆಸರು ಬರೆಸಬೇಡಿ. ದೂರದಿಂದ ಕನ್ನಡದ ಹಾಗೆ ಕಾಣುವ, ಹತ್ತಿರ ಹೋದರೆ ಯಾವ ಭಾಷೆಯೂ ಅಲ್ಲದ ಗೀಟುಗಳನ್ನು ಕೊರಳಿಗೆ ಹಾಕಿಕೊಂಡು ಕನ್ನಡ ಹಬ್ಬ ಮಾಡೋದು ಯಾವ ಚೆಂದ.

ಇಷ್ಟೆಲ್ಲ ತಂತ್ರಾಂಶದ ಮಾತಾಯ್ತು. ಅಸಲಿ ತಪ್ಪು ಆಗುವುದು ಅದಕ್ಕೂ ಮೊದಲು, ಹೆಸರು ಕೇಳುವಾಗ. ಗೂಗಲ್ ಫಾರ್ಮ್ ಇಂಗ್ಲಿಷಿನಲ್ಲಿ ಇರುತ್ತದೆ: ಫಸ್ಟ್ ನೇಮ್, ಲಾಸ್ಟ್ ನೇಮ್. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಲಾಸ್ಟ್ ನೇಮ್ ಅನ್ನುವ ವಸ್ತುವೇ ಇಲ್ಲ. ಊರಿನ ಒಂದು ಅಕ್ಷರ, ಅಪ್ಪನ ಒಂದು ಅಕ್ಷರ, ಆಮೇಲೆ ಹೆಸರು. ಫಾರ್ಮ್ ಬಿಡೋದಿಲ್ಲವಲ್ಲ, ನಕ್ಷತ್ರ ಚಿಹ್ನೆ ಹಾಕಿ ಕಡ್ಡಾಯ ಮಾಡಿರುತ್ತಾರೆ. ಅಲ್ಲಿ 'ಕೆ ಎಂ' ಅಂತ ತುಂಬಿಸುತ್ತಾರೆ, ಟ್ಯಾಗಿನಲ್ಲಿ ಅದು ಹೆಸರಿಗಿಂತ ದೊಡ್ಡದಾಗಿ ಕೂರುತ್ತದೆ. ಆಮೇಲೆ ಆ ಇಂಗ್ಲಿಷ್ ಪಟ್ಟಿಯನ್ನು ಯಂತ್ರಕ್ಕೆ ಕೊಟ್ಟು ಕನ್ನಡ ಮಾಡಿಸುತ್ತಾರೆ. ಅಲ್ಲಿ ಲ-ಳ, ನ-ಣ, ತ-ಟ, ಹ್ರಸ್ವ-ದೀರ್ಘ ಎಲ್ಲ ಯಂತ್ರದ ಮರ್ಜಿ. ಕೊನೆಗೆ ಎಕ್ಸೆಲ್‌ನಿಂದ ಸಿಎಸ್‌ವಿ ಮಾಡಿ ಟೆಂಪ್ಲೇಟಿಗೆ ಸುರಿಯುವಾಗ 'ಯುಟಿಎಫ್-8' ಅನ್ನುವ ಆಯ್ಕೆ ಬಿಟ್ಟುಹೋದರಂತೂ ಎಲ್ಲರ ಹೆಸರೂ ಒಂದೇ: ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ.

ನಮ್ಮ ಗುಡ್ಡಗಳಲ್ಲಿ ಹೆಸರು ತಪ್ಪಾಗೋದು ನಗೋ ವಿಷಯ ಮಾತ್ರ ಅಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇವೆ. ಎಸ್ಟೇಟುಗಳಲ್ಲಿ ಚೆಕ್‌ರೋಲ್ ಅಂತ ಹಾಜರಿ ಪುಸ್ತಕ ಇರುತ್ತದೆ, ಬರೆಯುವವರು ರೈಟ್ರು. ಲೈನಿನಲ್ಲಿ ಇರುವವರು ತುಳು, ತಮಿಳು, ಮಲಯಾಳಂ, ಬ್ಯಾರಿ, ಈಚೆಗೆ ಅಸ್ಸಾಂ ಕಡೆಯ ಭಾಷೆ ಮಾತಾಡುವವರು. ಅವರು ಹೇಳಿದ್ದು ಒಂದು, ರೈಟ್ರಿಗೆ ಕೇಳಿಸಿದ್ದು ಇನ್ನೊಂದು, ಬರೆದದ್ದು ಮೂರನೆಯದು. ಚೆಕ್‌ರೋಲಿನಲ್ಲಿ ಬರೆದದ್ದೇ ಹೆಸರಾಗುತ್ತದೆ. ಮುಂದೆ ಆಧಾರ್ ಕಾರ್ಡಿನಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಯಂತ್ರ ಇಳಿಸಿದ ಇನ್ನೊಂದು ಹೆಸರು, ಮಗುವಿನ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನದ್ದು ಮತ್ತೊಂದು. ಪಿಎಫ್ ಬಿಡಿಸೋಕೆ, ಸ್ಕಾಲರ್‌ಶಿಪ್ ಹಾಕೋಕೆ, ಪಹಣಿ ತಿದ್ದಿಸೋಕೆ ಹೋದಾಗ ಈ ಮೂರು ಹೆಸರುಗಳೂ ಒಬ್ಬರದ್ದೇ ಅಂತ ಅಫಿಡವಿಟ್ ಮಾಡಿಸಿಕೊಂಡು ಅಲೆಯಬೇಕು. ಒಂದು ದೀರ್ಘಕ್ಕೆ, ಒಂದು ಒತ್ತಿಗೆ ಒಂದು ದಿನದ ಕೂಲಿ ಹೋಗುತ್ತದೆ. ಈ ಮನೆಗಳಿಂದ ಬಂದವರು ನಮ್ಮ ತರಗತಿಯಲ್ಲಿ ಕೂತಿದ್ದಾರೆ. ತಮ್ಮ ಹೆಸರು ತಪ್ಪಾಗಿ ಬಂದಾಗ 'ಇರಲಿ ಬಿಡು' ಅನ್ನೋದು ಅವರಿಗೆ ಮನೆಯಿಂದಲೇ ಅಭ್ಯಾಸ ಆಗಿರುತ್ತದೆ. ಕನ್ನಡ ಸಂಘದ ಟ್ಯಾಗಿನಲ್ಲೂ 'ಇರಲಿ ಬಿಡು' ಅನ್ನಿಸಬಾರದು ಅಂತ ನಮ್ಮ ಹಟ.

ಫಾತಿಮ ಬೇಕಾ, ಫಾತಿಮಾ ಬೇಕಾ? ಲಕ್ಷ್ಮಿಯಾ, ಲಕ್ಷ್ಮೀಯಾ? ಜೋಸೆಫ್ ಹೇಗೆ ಬರೆಯುತ್ತಾರೆ? ಇದಕ್ಕೆ ನಿಘಂಟು ನೋಡಬೇಕಿಲ್ಲ, ಅವರನ್ನೇ ಕೇಳಬೇಕು. ವ್ಯಾಕರಣ ಗೊತ್ತಿರುವ ಕೆಲವು ಗೆಳೆಯರು 'ಅದು ತಪ್ಪು ರೂಪ, ತಿದ್ದಿ ಹಾಕೋಣ' ಅನ್ನುತ್ತಾರೆ. ನಾವು ಒಪ್ಪಲ್ಲ. ಪ್ರಬಂಧದಲ್ಲಿ ತಿದ್ದಿ, ಹೆಸರಿನಲ್ಲಿ ಬೇಡ. ಹಾಗೆಯೇ ಕನ್ನಡ ಓದಲು ಬಾರದ, ಹೊರರಾಜ್ಯದಿಂದ ಬಂದವರು ಇದ್ದಾರೆ. ಅವರ ಟ್ಯಾಗಿನಲ್ಲಿ ಕನ್ನಡ ದೊಡ್ಡದಾಗಿ, ಕೆಳಗೆ ಅವರಿಗೆ ಓದಲು ಬರುವ ಲಿಪಿ ಸಣ್ಣದಾಗಿ ಇರಲಿ. ತನ್ನ ಹೆಸರು ಕನ್ನಡದಲ್ಲಿ ಹೇಗೆ ಕಾಣುತ್ತದೆ ಅಂತ ಮೊದಲ ಸಲ ನೋಡಿದವರು ಅದರ ಫೋಟೋ ತೆಗೆದು ಮನೆಗೆ ಕಳಿಸುತ್ತಾರೆ. ಭಾಷಣಕ್ಕಿಂತ ಅದು ವಾಸಿ.

ಇನ್ನೊಂದು ವಿಷಯ ಇದೆ. ಟ್ಯಾಗು ಯಾರಿಗೆ? ಅತಿಥಿಗಳಿಗೆ, ಪ್ರಾಂಶುಪಾಲರಿಗೆ, ಸಂಘದ ಪದಾಧಿಕಾರಿಗಳಿಗೆ. ಅಂದರೆ ಅವತ್ತು ಎಲ್ಲರಿಗೂ ಮೊದಲೇ ಹೆಸರು ಗೊತ್ತಿರುವವರಿಗೆ! ಬೆಳಗ್ಗೆ ನಾಲ್ಕಕ್ಕೆ ಎದ್ದು ಪಾಯಸ ಮಾಡಿದ ಮೆಸ್ಸಿನ ಅಕ್ಕನಿಗೆ ಇಲ್ಲ. ಕೊಪ್ಪದ ಕಡೆಯಿಂದ, ಆಲ್ದೂರಿನ ಕಡೆಯಿಂದ ಹುಡುಗರನ್ನು ಕರೆತರುವ ಬಸ್ಸಿನ ಅಣ್ಣನಿಗೆ ಇಲ್ಲ. ಗೇಟಿನಲ್ಲಿ ನಿಲ್ಲುವವರಿಗೆ, ಸಭಾಂಗಣ ಗುಡಿಸಿದವರಿಗೆ ಇಲ್ಲ. ನಾಲ್ಕು ವರ್ಷ ಅಕ್ಕ, ಅಣ್ಣ ಅಂತ ಕರೆದು ಹೆಸರು ಗೊತ್ತಿಲ್ಲದೆ ಡಿಗ್ರಿ ತೆಗೆದುಕೊಂಡು ಹೋಗುವವರೇ ನಮ್ಮಲ್ಲಿ ಜಾಸ್ತಿ. ಅಕ್ಕ ಅನ್ನೋದು ಒಳ್ಳೇ ಮಾತೇ, ಆದರೆ ಅದು ಅವರ ಹೆಸರಲ್ಲ. ಟ್ಯಾಗ್ ಹಾಕಿದರೆ ಸಂಬಳ ಜಾಸ್ತಿ ಆಗಲ್ಲ, ಅದು ನಮಗೂ ಗೊತ್ತು. ಊಟ ಬಡಿಸುವಾಗ ಹೆಸರು ಹಿಡಿದು ಥ್ಯಾಂಕ್ಸ್ ಹೇಳೋಕಾದರೂ ಆಗುತ್ತದೆ. ಕೆಲವರಿಗೆ ಹಾಕಿಕೊಳ್ಳೋದು ಬೇಡ ಅನ್ನಿಸಬಹುದು, ಮುಜುಗರ ಆಗಬಹುದು. ಬೇಡ ಅಂದರೆ ಬಿಡೋಣ, ಬಲವಂತ ಬೇಡ. ಕೇಳದೆ ಬಿಡೋದು ಮಾತ್ರ ಬೇಡ.

'ಒಂದು ದಿನ ಹಾಕಿ ಬಿಸಾಡೋ ಕಾಗದಕ್ಕೆ ಇಷ್ಟು ರಾದ್ಧಾಂತ ಯಾಕೆ, ಇಂಟರ್ನಲ್ಸ್ ಬೇರೆ ಇದೆ' ಅಂತ ಸಂಘದಲ್ಲೇ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ಲೆಕ್ಕ ಹಾಕಿ ನೋಡಿದರೆ ನಾವು ಹೇಳುವ ಕೆಲಸ ಜಾಸ್ತಿಯೇನಲ್ಲ. ಎಫೆಕ್ಟು ಕಮ್ಮಿ ಮಾಡಿದರೆ ಉಳಿಯುವ ಸಮಯದಲ್ಲಿ ಹೆಸರು ಸರಿನೋಡಿ ಮುಗಿಯುತ್ತದೆ. ಕಾಗದ ಬಿಸಾಡಬಹುದು, ಸ್ಟೇಟಸ್ಸಿಗೆ ಹೋದದ್ದು ಊರೆಲ್ಲ ಸುತ್ತುತ್ತದೆ.

ಈ ಸಲದ ಏರ್ಪಾಟು ಹೀಗೆ. ಫಾರ್ಮ್ ಕನ್ನಡದಲ್ಲಿ ಇರುತ್ತದೆ, ಹೆಸರಿಗೆ ಒಂದೇ ಖಾನೆ, ಇನಿಷಿಯಲ್ ಮುಂದೆ ಬೇಕೋ ಹಿಂದೆ ಬೇಕೋ ನೀವೇ ಹಾಕಿ. ಟೈಪ್ ಮಾಡೋಕೆ ಕಷ್ಟ ಆದರೆ ಬಿಳಿ ಹಾಳೆಯಲ್ಲಿ ಕೈಯಿಂದ ಬರೆದು ಫೋಟೋ ತೆಗೆದು ಕಳಿಸಿ, ನಾವು ಅದನ್ನು ನೋಡಿ ಟೈಪ್ ಮಾಡುತ್ತೇವೆ. ಅಕ್ಟೋಬರ್ 25ರೊಳಗೆ ಬರಲಿ. ಪ್ರಿಂಟಿಗೆ ಹೋಗುವ ಮೊದಲು ನಿಮ್ಮ ಟ್ಯಾಗಿನ ಚಿತ್ರ ನಿಮಗೇ ವಾಪಸ್ ಬರುತ್ತದೆ, ಜೋರಾಗಿ ಒಂದು ಸಲ ಓದಿ 'ಸರಿ' ಅಂತ ಉತ್ತರ ಹಾಕಿ. ಉತ್ತರ ಬರದ ಟ್ಯಾಗು ಪ್ರಿಂಟಿಗೆ ಹೋಗಲ್ಲ. ಮೆಸ್ಸು, ಬಸ್ಸು, ಗೇಟಿನವರ ಪಟ್ಟಿ ಬರೆಸಿಕೊಳ್ಳೋಕೆ ಶನಿವಾರ ಮಧ್ಯಾಹ್ನ ಊಟ ಮುಗಿದಮೇಲೆ ನಾಲ್ಕು ಜನ ಹೋಗಬೇಕು. ಇಬ್ಬರು ಸಿಕ್ಕಿದ್ದಾರೆ, ತುಳು ಬಲ್ಲವರು ಒಬ್ಬರು, ತಮಿಳು ಬಲ್ಲವರು ಒಬ್ಬರು ಇನ್ನೂ ಬೇಕು.